ಅಕ್ಕನ ಕೆಂಪು ಸವತಿ

ನಮ್ಮ ಭಾವನಿಗೆ ಇನ್ನೊಂದು ಸಂಬಂಧ ಇದೆ.

ಗುಟ್ಟು ರಟ್ಟು ಮಾಡುವ ಚಪಲದಿಂದ ಇದನ್ನು ಹೇಳುತ್ತಿಲ್ಲ. ಅವರನ್ನು ಕಟ್ಟಿಕೊಂಡ ನಮ್ಮ ಅಕ್ಕನೇ ಹಾಲಿನ ಡೇರಿಯ ಮುಂದೆ ನಿಂತು, ಕೇಳಿದವರಿಗೂ ಕೇಳದವರಿಗೂ ಹಂಚಿರುವ ಸಮಾಚಾರ ಇದು. ಆ ಇನ್ನೊಬ್ಬಾಕೆಗೆ ತುಂಬಾ ವಯಸ್ಸಾಗಿದೆ. ಮೈ ಊದಿಕೊಂಡಿದೆ. ಬಣ್ಣ ಕೆಂಪು. ವಾಸ ದಕ್ಷಿಣಕ್ಕೆ, ಎಚ್.ಡಿ. ಕೋಟೆಯ ದಿಕ್ಕಿನಲ್ಲಿ; ಆದರೆ ಕೋಟೆಗಿಂತ ಬಹಳ ಆಚೆ. ಭಾವ ಬೆಳಗಿನ ಜಾವ ಎದ್ದು, ತಲೆಗೆ ಮಫ್ಲರ್ ಸುತ್ತಿಕೊಂಡು, ಆಕೆಗಾಗಿ ಬಾಯಿ ತೆರೆದುಕೊಂಡು ನಿಂತಿರುತ್ತಾರೆ. ಅಕ್ಕ ಆಕೆಗೆ ಇಟ್ಟಿರುವ ಹೆಸರು 'ಸವತಿ'.

ನಾನು ಮೈಸೂರಿನ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಅನ್ನ ಹುಟ್ಟಿಸಿಕೊಳ್ಳುವವಳು. ಓದುಗರು ಬೇರೆ ಏನನ್ನೋ ಊಹಿಸಿಕೊಂಡು ಮುಂದೆ ಹೋಗುವ ಮೊದಲು ವಾಸ್ತವಾಂಶವನ್ನು ದಾಖಲಿಸಿಬಿಡುತ್ತೇನೆ: ಸವತಿ ಒಂದು ನಕ್ಷತ್ರ. ಅದೂ ಎಂಥದ್ದು? ಹೊಳೆಯುವ, ಮಿನುಗುವ, ಮಕ್ಕಳು ಬೆರಳು ತೋರಿಸುವ ನಕ್ಷತ್ರವಲ್ಲ. ಹುಡುಕಿದರೂ ಸಿಗದಷ್ಟು ಮಂಕಾದ, ಯಾರೋ ಸೇದಿ ಬಿಸಾಡಿದ ಬೀಡಿಯ ತುದಿಯಂಥ ಒಂದು ಕೆಂಪು ಚುಕ್ಕೆ. ಆಕಾಶದಲ್ಲಿ ಅಷ್ಟೊಂದು ಲಕ್ಷಣವಾದ ನಕ್ಷತ್ರಗಳಿರುವಾಗ ಇದೇ ಯಾಕೆ ಬೇಕಿತ್ತು? ಅಕ್ಕನನ್ನು ನಿಜವಾಗಿ ನೋಯಿಸಿದ ಪ್ರಶ್ನೆ ಇದೇ ಎಂದು ನನ್ನ ಅನುಮಾನ.

ಭಾವ ಗಾವಡಗೆರೆ ಕಡೆಯ ರೈತ. ನಮ್ಮ ಕಡೆ ರೈತ ಎಂದರೆ ಹೊಗೆಸೊಪ್ಪು, ಹೊಗೆಸೊಪ್ಪು ಎಂದರೆ ಬ್ಯಾರನ್. ಕಾಣದವರಿಗಾಗಿ ಹೇಳಬೇಕೆಂದರೆ, ಬ್ಯಾರನ್ ಕಿಟಕಿಯಿಲ್ಲದ ಎತ್ತರದ ಮನೆ. ಒಳಗೆ ಕಡ್ಡಿಗಳಿಗೆ ಕಟ್ಟಿದ ಸೊಪ್ಪು ಸೂರಿನವರೆಗೂ ತೂಗುತ್ತದೆ, ಹೊರಗಿನ ಒಲೆಯ ಬಿಸಿ ಕೊಳವೆಗಳಲ್ಲಿ ಒಳಗೆ ಹರಿದು ಅದನ್ನು ಹದ ಮಾಡುತ್ತದೆ. ಒಲೆ ಹೊತ್ತಿಸಿದ ಮೇಲೆ ಸೊಪ್ಪು ಹದವಾಗುವ ತನಕ ಹಗಲೂ ರಾತ್ರಿ ಯಾರಾದರೊಬ್ಬರು ಮುಂದೆ ಕೂತಿರಲೇಬೇಕು. ಬೆಂಕಿ ಹೆಚ್ಚಾದರೆ ಸೊಪ್ಪು ಸೀದು ಕೆಂಪಾಗುತ್ತದೆ, ತಣ್ಣಗಾದರೆ ಕಪ್ಪಾಗುತ್ತದೆ. ಬೆಳಗಿನ ಜಾವದ ತೂಕಡಿಕೆ ದೊಡ್ಡ ಶತ್ರು. ಅದಕ್ಕೇ ಅಕ್ಕಪಕ್ಕದ ಬ್ಯಾರನ್ನಿನವರು ಕತ್ತಲಲ್ಲಿ ಒಬ್ಬರನ್ನೊಬ್ಬರು ಕೂಗಿ ಎಬ್ಬಿಸುವ ಪದ್ಧತಿ ಇದೆ.

"ಓಯ್! ಎದ್ದಿದ್ದೀಯೇನ್ಲಾ?"

"ಎದ್ದಿವ್ನಿ ಕಣಣ್ಣೋ! ನೀನು ಮಲಗ್ಬುಟ್ಟೀಯ!"

ಆ ಕತ್ತಲು, ಆ ಕೂಗು, ಆ ಒಲೆ. ಭಾವ ಆಕಾಶಕ್ಕೆ ಬಿದ್ದದ್ದು ಅಲ್ಲೇ.

ಈಗಿನ ಸಂಬಂಧಕ್ಕೂ ಮೊದಲು ಅವರಿಗೆ ಇನ್ನೊಂದಿತ್ತು ಎಂಬುದನ್ನೂ ಹೇಳಬೇಕು. ಒಂದು ವರ್ಷದ ಸೊಪ್ಪಿನ ಕಾಲ ಪೂರ್ತಿ ಭಾವ ದಕ್ಷಿಣದ ಅಂಚಿನಲ್ಲಿ, ಗುಡ್ಡದ ನೆತ್ತಿಗೆ ಸರಿಯಾಗಿ, ಒಂದು ಕೆಂಪು ಚುಕ್ಕಿಯನ್ನು ಕಂಡುಕೊಂಡು ಸಂಭ್ರಮಿಸಿದರು. ಅದರ ವಿಶೇಷವೇನೆಂದರೆ, ಬೇರೆ ನಕ್ಷತ್ರಗಳೆಲ್ಲ ಹುಟ್ಟಿ ಮುಳುಗಿದರೂ ಇದು ಮಾತ್ರ ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ! ಭಾವ ಆಲೋಚಿಸಿದರು. ಉತ್ತರಕ್ಕೆ ಧ್ರುವ ಇದ್ದಾನೆ, ಕದಲುವುದಿಲ್ಲ. ಹಾಗಾದರೆ ದಕ್ಷಿಣಕ್ಕೂ ಒಬ್ಬ ಇರಲೇಬೇಕಲ್ಲ? ಇವನೇ!

ಹುಣಸೂರಿನ ಸಂತೆಯಲ್ಲಿ, ಪಿರಿಯಾಪಟ್ಟಣದ ಬಸ್ಸಿನಲ್ಲಿ, ಬಿಳಿಕೆರೆಯ ಟೀ ಅಂಗಡಿಯಲ್ಲಿ ದಕ್ಷಿಣ ಧ್ರುವದ ಪ್ರಚಾರ ಜೋರಾಗಿ ನಡೆಯಿತು. ಕೆಲವರು ಕೈಮುಗಿದದ್ದೂ ಉಂಟು. ಒಂದು ಸಂಜೆ ಆ ಕಡೆಯ ಕರೆಂಟು ಹೋಯಿತು. ಜೊತೆಗೇ ಧ್ರುವನೂ ಹೋದ. ಊರವರು ಉಸಿರು ಬಿಗಿಹಿಡಿದು ನಿಂತಿರುವಾಗ, ಯಾರೋ ಜನರೇಟರಿಗೆ ಡೀಸೆಲ್ ಸುರಿದಿರಬೇಕು, ಧ್ರುವ ಫಕ್ಕನೆ ಹತ್ತಿಕೊಂಡ. ಅದು ಗುಡ್ಡದ ಮೇಲಿನ ಮೊಬೈಲ್ ಟವರಿನ ದೀಪ!

ಅಂದಿನಿಂದ ಭಾವ ಊರಿಗೆಲ್ಲ 'ಟವರಣ್ಣ'. ಬಸ್ಸು ಹತ್ತಿದರೆ ಸಾಕು, ಹಿಂದಿನ ಸೀಟಿನಿಂದ, "ಟವರಣ್ಣ, ಇವತ್ತು ಸಿಗ್ನಲ್ ಎಂಗದೆ?" ಎಂಬ ವಿಚಾರಣೆ. ಬೇರೆ ಯಾರಾದರೂ ಆಗಿದ್ದರೆ ಆಮೇಲೆ ತಲೆ ಎತ್ತಿ ನೋಡುತ್ತಿರಲಿಲ್ಲ. ಭಾವ ಇನ್ನೂ ಸ್ವಲ್ಪ ಮೇಲಕ್ಕೆ ನೋಡಲು ಶುರು ಮಾಡಿದರು.

ಮರುವರ್ಷ ಸೊಪ್ಪಿನ ಕೊನೆಯ ಕುಯ್ಲಿನ ಹೊತ್ತಿಗೆ ಸಿಕ್ಕಿದ್ದೇ ಈ ಸವತಿ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯ ನಕ್ಷತ್ರ ಕಣ್ಣಿಗೆ ಹೊಡೆಯುವಂತೆ ಬೆಳಗುತ್ತದೆ. ಅಲ್ಲಿಂದ ಎಡಕ್ಕೆ, ಸ್ವಲ್ಪ ಮೇಲಕ್ಕೆ, ಚಾಚಿದ ಕೈಯ ಒಂದು ಮುಷ್ಟಿಯಷ್ಟು ಆಚೆ ಆಕೆಯ ಬಿಡಾರ. ಈ ಸಲ ಭಾವ ಎಚ್ಚರ ತಪ್ಪಲಿಲ್ಲ. ಬ್ಯಾರನ್ನಿನ ಸೂರಿನ ಮೂಲೆಗೆ ಸರಿಯಾಗಿ ಆಕೆಯನ್ನು ಇಟ್ಟು, ಕದಲುತ್ತಾಳೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು. ಕದಲಿದಳು! ಜೊತೆಯ ನಕ್ಷತ್ರಗಳ ಹಿಂದೆಯೇ ನಡೆದು ಪಶ್ಚಿಮಕ್ಕೆ ಇಳಿದಳು. ಟವರಿಗೆ ಕಾಲಿಲ್ಲ, ಆದ್ದರಿಂದ ಇದು ಟವರಲ್ಲ ಎಂಬ ನಿರ್ಣಯಕ್ಕೆ ಬಂದರು. ಆ ನಿರ್ಣಯದಲ್ಲಿ ನನಗೂ ತಪ್ಪು ಕಾಣಲಿಲ್ಲ.

ಅನಾಹುತ ಆದದ್ದು ಬಣ್ಣದಿಂದ. ಜೀವಮಾನವಿಡೀ ಒಲೆ ನೋಡಿದ ಮನುಷ್ಯ. ಬೆಂಕಿ ಬೆಳ್ಳಗಿದ್ದರೆ ಧಗೆ, ಹಳದಿಯಾದರೆ ಹದ, ಕೆಂಪಾಗಿ ಕೆಂಡವಾದರೆ ಸೌದೆ ಬೇಕು. ಇದು ಅವರ ಕೈಗೆ ಬಂದ ಜ್ಞಾನ. ಸುತ್ತಲಿನ ನಕ್ಷತ್ರಗಳೆಲ್ಲ ಬೆಳ್ಳಗೆ ಉರಿಯುತ್ತಿರುವಾಗ ಈ ಒಂದು ಮಾತ್ರ ಕೆಂಪಗೆ ಕುಗ್ಗಿರುವುದನ್ನು ಕಂಡು ಅವರ ಕರುಳು ಚುರುಕ್ಕೆಂದಿತು. ಅಲ್ಲಿನ ಕಾವಲಿನವನು ಯಾರೋ ನಿದ್ದೆ ಹೋಗಿದ್ದಾನೆ! ಒಂದು ಜಾವ ತಡೆಯಲಾರದೆ ಎದ್ದುನಿಂತು, ಎರಡೂ ಕೈ ಬಾಯಿಗೆ ಹಿಡಿದು, ದಕ್ಷಿಣದ ಆಕಾಶಕ್ಕೆ ಕೂಗಿಯೇಬಿಟ್ಟರು:

"ಓಯ್! ಸೌದೆ ಆಕ್ಲಾ! ಆರೋಯ್ತದೆ ಕಣ್ಲಾ, ಸೌದೆ ಆಕು!"

ನಕ್ಷತ್ರಕ್ಕೆ ಕೇಳಿಸಿತೋ ಇಲ್ಲವೋ ತಿಳಿಯದು. ದಕ್ಷಿಣಕ್ಕೇ ಇದ್ದ ಪಕ್ಕದ ಬ್ಯಾರನ್ನಿನ ಜವರಣ್ಣನಿಗೆ ಕೇಳಿಸಿತು. ತೂಕಡಿಸುತ್ತಿದ್ದ ಜವರಣ್ಣ ಬೆಚ್ಚಿಬಿದ್ದು, ತನ್ನ ಒಲೆಗೇ ಹೇಳಿದ್ದೆಂದು ತಿಳಿದು, ಕೈಗೆ ಸಿಕ್ಕ ಕೊರಡುಗಳನ್ನೆಲ್ಲ ಒಳಗೆ ತುರುಕಿದ. ಒಲೆ ಮೊದಲೇ ಚೆನ್ನಾಗಿತ್ತು. ಬೆಳಗಾಗುವಷ್ಟರಲ್ಲಿ ಅವನ ಸೊಪ್ಪೆಲ್ಲ ಸೀದು ಇಟ್ಟಿಗೆಯಂತೆ ಕೆಂಪಾಯಿತು.

ಮತ್ತೆ ಭಾವನ ಒಲೆ? ನಕ್ಷತ್ರಕ್ಕೆ ಸೌದೆ ಹಾಕಿಸುವ ಗಡಿಬಿಡಿಯಲ್ಲಿ ಅದು ಆರಿಹೋಗಿತ್ತು. ಇವರ ಸೊಪ್ಪು ಕಪ್ಪಾಯಿತು. ಒಂದೇ ಕೂಗಿಗೆ ಎರಡು ಬ್ಯಾರನ್!

"ಯಾರಿಗ್ಲಾ ಏಳಿದ್ದು ನೀನು?" ಜವರಣ್ಣ ಬೆಳಿಗ್ಗೆ ದೊಣ್ಣೆ ಹಿಡಿದೇ ಬಂದ.

"ನಿಂಗಲ್ಲ ಕಣಣ್ಣ. ಅದ್ಕೆ," ಎಂದು ಭಾವ ಮೇಲೆ ಕೈ ತೋರಿಸಿದರು. ಅಲ್ಲಿ ಆಗ ಸೂರ್ಯ ಬಿಟ್ಟರೆ ಬೇರೇನೂ ಇರಲಿಲ್ಲ. ಜವರಣ್ಣ ಸೂರ್ಯನನ್ನೂ ಭಾವನನ್ನೂ ಒಮ್ಮೊಮ್ಮೆ ನೋಡಿ, ದೊಣ್ಣೆ ಅಲ್ಲೇ ಇಟ್ಟು, ಅಕ್ಕನ ಹತ್ತಿರ ಹೋಗಿ ಮೆಲ್ಲಗೆ, "ಒಂದ್ಸಲ ಮೈಸೂರಿಗೆ ಕರ್ಕೊಂಡೋಗಿ ತೋರ್ಸು ಕಣಮ್ಮ," ಎಂದ.

ಮುಂದೆ ಪಿರಿಯಾಪಟ್ಟಣದ ಹರಾಜು ಕಟ್ಟೆಯಲ್ಲಿ ಇನ್ನೊಂದು ಪ್ರಸಂಗ. ಜವರಣ್ಣನ ಸೀದ ಸೊಪ್ಪಿನ ಮೂಟೆಯ ಮುಂದೆ ಕೊಳ್ಳುವವರು ನಿಲ್ಲದೆ ಮುಂದೆ ಹೋಗುತ್ತಿದ್ದಾರೆ. ಭಾವ ಮಾತ್ರ ನಿಂತರು. ಒಂದು ಎಲೆ ಎಳೆದು ಬೆಳಕಿಗೆ ಹಿಡಿದು, "ಇದೇ ಬಣ್ಣ ಕಣಣ್ಣ! ಒಸಿಯೂ ಎಚ್ಚುಕಮ್ಮಿ ಇಲ್ಲ, ಇದೇ!" ಎಂದು ಕಣ್ಣರಳಿಸಿದರು.

"ನನ್ ಒಟ್ಟೆ ಉರೀತಾ ಅದೆ, ನೀನು ಬಣ್ಣ ನೋಡ್ತಾ ಕುಂತಿದ್ದೀಯಲ್ಲೋ!" ಎಂದ ಜವರಣ್ಣ. ಆದರೂ ಎಲೆಯನ್ನು ಕೊಟ್ಟ. ಅದು ಈಗಲೂ ಅಕ್ಕನ ನಡುಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ತೂಗುತ್ತಿದೆ.

ಅಕ್ಕ ಮಾತ್ರ ಕರಗಲಿಲ್ಲ. ಆ ಸೊಪ್ಪನ್ನು ಬೆರಳು ಬಾತುಕೊಳ್ಳುವ ತನಕ ಕೂತು ಕಡ್ಡಿಗೆ ಕಟ್ಟಿದವಳು ಅವಳು. ಕಪ್ಪಾದ ಸೊಪ್ಪನ್ನು ತಿಪ್ಪೆಗೆ ಹೊತ್ತವಳೂ ಅವಳೇ. ತಿಪ್ಪೆಯ ಮೇಲೆ ನಿಂತೇ ಶಪಥ ಮಾಡಿದಳು: "ನಾನು ಸಾಯೋಗಂಟ ಆ ಸವತಿ ಮೊಕ ನೋಡಾಕಿಲ್ಲ ಕಣ್ರೀ. ನೋಡಾಕಿಲ್ಲ ಅಂದ್ರೆ ನೋಡಾಕಿಲ್ಲ!" ಅಂದಿನಿಂದ ಒಲೆಯ ಮುಂದೆ ತನ್ನ ಸರದಿ ಬಂದಾಗ ಮಣೆಯನ್ನು ದಕ್ಷಿಣದಿಂದ ಒಂದಿಷ್ಟು ಪಕ್ಕಕ್ಕೆ ತಿರುಗಿಸಿ, ಗಾವಡಗೆರೆ ರಸ್ತೆಯ ಕಡೆ ಮುಖ ಹಾಕಿಕೊಂಡು ಕೂರುತ್ತಿದ್ದಳು.

ಭಾವನ ಆಸೆ ಇದ್ದದ್ದಾದರೂ ಏನು? ಊರು ನಂಬದಿದ್ದರೆ ಕತ್ತೆ ಬಾಲ. ಅಕ್ಕ ಒಂದೇ ಒಂದು ಸಲ ಆ ಚುಕ್ಕಿಯನ್ನು ನೋಡಬೇಕು, "ಹೌದು, ಇದೆ" ಅನ್ನಬೇಕು. ಇಷ್ಟೇ. ಇಷ್ಟಕ್ಕಾಗಿ ಅವರು ಮಾಡದ ಉಪಾಯವಿಲ್ಲ. ನೋಡುವ ವಿಧಾನವನ್ನು ಗೋಡೆಗೆ ಹೇಳುವವರಂತೆ ಅಕ್ಕನಿಗೆ ಕೇಳಿಸುವ ಹಾಗೆ ನನಗೆ ಹೇಳುತ್ತಿದ್ದರು: "ಮಂಕಾಗಿರೋದ್ನ ನೆಟ್ಟಗೆ ನೋಡಬಾರ್ದು ಕಣ ಪೇಪರಮ್ಮ. ದಿಟ್ಟಿಸುದ್ರೆ ಮಾಯ ಆಗ್ಬುಡ್ತದೆ. ಮುನಿಸ್ಕೊಂಡಿರೋರ್ನ ನೋಡ್ತೀವಲ್ಲ, ಅಂಗೆ ನೋಡ್ಬೇಕು. ಎಲ್ಲೋ ನೋಡ್ತಿರೋರಂಗೆ. ವಾರೆಗಣ್ಣಲ್ಲಿ."

"ಮುನಿಸ್ಕೊಂಡಿರೋರು ಮನೇಲೇ ಅವ್ರೆ. ಮೊದ್ಲು ಇಲ್ಲಿ ನೋಡಿ ಸಾಕು," ಎಂದಳು ಅಕ್ಕ, ಮುದ್ದೆ ತಿರುವುತ್ತಾ.

ಒಂದು ಸಂಜೆ, ಪತ್ರಿಕೆಯ ಪುಟ ಕಟ್ಟುವ ಹೊತ್ತಿಗೆ ಸರಿಯಾಗಿ, ಭಾವನ ಫೋನ್ ಬಂತು. ಆಕೆಯ ಸುದ್ದಿ ಹಾಕಬೇಕಂತೆ. ನಮ್ಮಲ್ಲಿ ಇಬ್ಬರು ಹೇಳದೆ ಒಂದು ಸಾಲೂ ಅಚ್ಚಾಗುವುದಿಲ್ಲ ಎಂದೆ. "ಎರಡನೇ ಸಾಕ್ಷಿಗೆ ನಿಮ್ಮಕ್ಕನೇ ಅವ್ಳಲ್ಲ," ಎಂದು ಫೋನು ಕೊಟ್ಟರು.

"ನಾನೇನೂ ನೋಡಿಲ್ಲ ಕಣೆ. ಬರ್ಕೊ," ಎಂದು ಅಕ್ಕ ಇಟ್ಟೇಬಿಟ್ಟಳು.

ಸುದ್ದಿ ಸತ್ತಿತು. ಆದರೆ ನನಗೆ ಕುತೂಹಲ ಹುಟ್ಟಿತು. ಮೈಸೂರಿನಲ್ಲಿ ದೂರದರ್ಶಕ ಇಟ್ಟುಕೊಂಡಿರುವ ನಿವೃತ್ತ ಮೇಷ್ಟ್ರೊಬ್ಬರ ಪರಿಚಯವಿತ್ತು. ಅಗಸ್ತ್ಯನಿಂದ ಎಡಕ್ಕೆ, ಮೇಲಕ್ಕೆ, ಒಂದು ಮುಷ್ಟಿ, ಕೆಂಪು ಎಂದು ಭಾವನ ಗುರುತುಗಳನ್ನೆಲ್ಲ ಫೋನಿನಲ್ಲಿ ಹೇಳಿದೆ. ಮೇಷ್ಟ್ರು ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಹೇಳಿದ್ದನ್ನು ಅವರು ಹೇಳಿದ ಕ್ರಮದಲ್ಲೇ ಕೊಡುತ್ತೇನೆ. ಅದು ಇದೆ. ಅದಕ್ಕೆ ಹೆಸರಿಲ್ಲ, ಅಕ್ಷರ ಮತ್ತು ಅಂಕಿ ಮಾತ್ರ. ಅದು ಕೆಂಪು ದೈತ್ಯ. ಒಂದು ಕಾಲಕ್ಕೆ ನಮ್ಮ ಸೂರ್ಯನ ಹಾಗೇ ಇದ್ದದ್ದು, ನಡುಹೊಟ್ಟೆಯ ಉರುವಲು ಮುಗಿದು, ಮುದಿಯಾಗಿ, ತಣ್ಣಗಾಗಿ, ಊದಿಕೊಂಡಿದೆ. ಸೂರ್ಯನ ಜಾಗದಲ್ಲಿ ತಂದಿಟ್ಟರೆ ಬುಧ ಗ್ರಹ ಅದರ ಹೊಟ್ಟೆಯೊಳಗೇ ಸುತ್ತಬೇಕಾಗುತ್ತದೆ. ನಾವು ಈಗ ಕಾಣುವ ಬೆಳಕು ಸುಮಾರು ಇನ್ನೂರು ವರ್ಷದ ಹಿಂದೆ ಅಲ್ಲಿಂದ ಹೊರಟದ್ದು. ನಮ್ಮ ಸೂರ್ಯನೂ ಮುಂದೊಂದು ದಿನ ಹೀಗೇ ಆಗುವವನು.

ನಾನು ಫೋನಿಟ್ಟು ಸುದ್ದಿಮನೆಯ ಟ್ಯೂಬ್‌ಲೈಟುಗಳ ಕೆಳಗೆ ಬರೆದುಕೊಂಡದ್ದನ್ನು ಮತ್ತೆ ಓದಿದೆ. ಬೀಡಿಯ ತುದಿ ಅಂದುಕೊಂಡಿದ್ದೆವಲ್ಲ? ಅದರೊಳಗೆ ನಮ್ಮ ಸೂರ್ಯನನ್ನು ಹಾಕಿದರೆ ರಾಗಿಕಾಳಿನ ಹಾಗೆ ಕಳೆದುಹೋಗುತ್ತಿತ್ತು! ಅಂಥದ್ದೊಂದು ಮೇಲೆ ನಿಂತು ಉರಿಯುತ್ತಿದೆ, ನಾವು ಕೆಳಗೆ ಡೀಸೆಲ್ಲಿನ ತಮಾಷೆ ಮಾಡುತ್ತಿದ್ದೇವೆ.

ಆ ಭಾನುವಾರ ಊರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಭಾವ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು.

"ಉರುವಲು ಮುಗ್ದದೆ ಅಂದ್ರು ತಾನೆ? ನಾನು ಅದನ್ನೇ ಅಲ್ವಾ ಕೂಗಿದ್ದು?"

"ಹೌದು ಭಾವ."

"ಇನ್ನೂರು ವರ್ಷ ಮೊದ್ಲಿನ ಬೆಂಕಿ. ಅಂಗಾದ್ರೆ ನಾನು ಕೂಗೋ ಒತ್ಗೆ ಅಲ್ಲಿ ಏನಾಗಿತ್ತೋ. ಅದು ಗೊತ್ತಾಗೋದು ನಮ್ ಮೊಮ್ಮಕ್ಕಳ ಮೊಮ್ಮಕ್ಕಳ್ಗೆ." ತುತ್ತು ತಟ್ಟೆಗೇ ಇಳಿಯಿತು. "ಏನಮ್ಮಿ ಇದು, ಇಷ್ಟು ದೊಡ್ಡದಾ!"

ಒಳಗಿನಿಂದ ಅಕ್ಕನ ದನಿ ಬಂತು: "ಏನಂದ್ರು ಮೇಷ್ಟ್ರು? ದೈತ್ಯ ಅಂತನಾ? ರಾಕ್ಸಸಿ ಅಂತ ನಾನು ಆವತ್ತೇ ಅಂದಿರ್ನಿಲ್ವಾ!"

ಇಷ್ಟಾದ ಮೇಲೆ ಭಾವ ಸುಮ್ಮನಿರುವವರೇ? ಶಿವರಾತ್ರಿಯ ಜಾಗರಣೆಗೆ ಊರೆಲ್ಲ ಎದ್ದಿರುತ್ತದೆ. ಚಂದ್ರನಿಲ್ಲದ ಕತ್ತಲು. ಆ ಕಾಲಕ್ಕೆ ಆಕೆ ಸಂಜೆ ಕಳೆಯುತ್ತಲೇ ದಕ್ಷಿಣಕ್ಕೆ ಬಂದಿರುತ್ತಾಳೆ. ಕಣದಲ್ಲಿ ಚಾಪೆ ಹಾಸಿ, ಮಂಡಕ್ಕಿ ಹಂಚಿ, ಊರವರನ್ನೆಲ್ಲ ಕೂರಿಸಿದರು. ನಾನೂ ಹೋಗಿದ್ದೆ. ಅಕ್ಕ ಬರಲಿಲ್ಲ, ಮನೆಯ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದಳು. ಅಲ್ಲಿಂದ ಕಣ ಚೆನ್ನಾಗಿ ಕಾಣುತ್ತದೆ.

ಭಾವ ಅಗಸ್ತ್ಯನನ್ನು ತೋರಿಸಿದರು. ಕೈ ಚಾಚಿ ಮುಷ್ಟಿ ಹಿಡಿದರು. ಮುಷ್ಟಿ ಸರಿಸಿದರು. ಇಲ್ಲ. ಇನ್ನೊಮ್ಮೆ ಅಳೆದರು. ಇಲ್ಲ. ವಾರೆಗಣ್ಣಿನಲ್ಲಿ ನೋಡಿದರು, ಮಫ್ಲರ್ ತೆಗೆದು ನೋಡಿದರು. ಆಕೆ ಇದ್ದ ಜಾಗದಲ್ಲಿ ಬರೀ ಕತ್ತಲು. ಹಿಂದಿನ ತಿಂಗಳು ಮಂಕಾದಾಗ ಮಂಜಿನ ಕಾಟ ಎಂದುಕೊಂಡಿದ್ದರಂತೆ. ಇಂದು ಮಂಜೂ ಇರಲಿಲ್ಲ.

"ಟವರಣ್ಣ, ಡೀಸೆಲ್ ಖಾಲಿ ಆಗದೆ ಕಣಣ್ಣ, ಒಂದ್ ಕ್ಯಾನು ಕಳ್ಸು!" ಎಂದಿತು ಒಂದು ದನಿ. ಕಣವೆಲ್ಲ ಬಿದ್ದು ಬಿದ್ದು ನಕ್ಕಿತು. ಮಂಡಕ್ಕಿ ಮಾತ್ರ ಪೂರ್ತಿ ಖಾಲಿಯಾಯಿತು. ಜವರಣ್ಣ ನಗಲಿಲ್ಲ. ಎಲ್ಲರೂ ಎದ್ದ ಮೇಲೆ ಚಾಪೆ ಸುತ್ತಲು ಅವನೊಬ್ಬನೇ ಉಳಿದ.

"ಆರೋಯ್ತು ಕಣಣ್ಣ," ಎಂದರು ಭಾವ. "ಸೌದೆ ಆಕೋರು ಯಾರೂ ಇರ್ನಿಲ್ಲ."

ನಾನು ಮರುದಿನವೇ ಮೇಷ್ಟ್ರಿಗೆ ಫೋನಾಯಿಸಿದೆ. "ಅಯ್ಯೋ, ಅದನ್ನು ಹೇಳಲಿಲ್ಲವೇನಮ್ಮ?" ಎಂದರು ಅವರು, ಸಕ್ಕರೆ ಹಾಕಲು ಮರೆತವರಷ್ಟು ಸಲೀಸಾಗಿ. "ಅದು ಉಸಿರಾಡುತ್ತೆ. ಉಬ್ಬುತ್ತೆ, ಕುಗ್ಗುತ್ತೆ. ಕೆಲವು ತಿಂಗಳು ಕಣ್ಣಿಗೆ ಕಾಣುತ್ತೆ, ಕೆಲವು ತಿಂಗಳು ಮರೆಯಾಗುತ್ತೆ. ಸತ್ತಿಲ್ಲ. ಬರುತ್ತೆ." ಇಡೀ ನಕ್ಷತ್ರವೊಂದು ಮಲಗಿದ ಹಸುವಿನ ಪಕ್ಕೆಯ ಹಾಗೆ ಏರುತ್ತ ಇಳಿಯುತ್ತ ಇರುವುದನ್ನು ಕಲ್ಪಿಸಿಕೊಂಡೆ.

ಭಾವನಿಗೆ ಹೇಳಿದೆ. ಅಕ್ಕನೂ ಅಲ್ಲೇ ಬಾಗಿಲಲ್ಲಿದ್ದಳು. ಭಾವ ನಕ್ಕರು. ಅವರು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. "ನೀನು ಒಳ್ಳೇವಳು ಕಣ ಪೇಪರಮ್ಮ. ಸಮಾಧಾನಕ್ಕೆ ಏಳ್ತೀಯ. ಆದ್ರೆ ಆರೋದ್ ಒಲೆ ತಾನಾಗೇ ಒತ್ಕೊಂಡಿದ್ದು ಎಲ್ಲಾರ ಉಂಟಾ?"

ಆಮೇಲೆ ಆಕೆ ಸೂರ್ಯನ ಹಿಂದಕ್ಕೆ ಸರಿಯುವ ಕಾಲ ಬಂತು. ಮಳೆ ಬಂತು, ಸಸಿ ನಾಟಿಯಾಯಿತು, ಬ್ಯಾರನ್ನಿನ ಒಲೆ ಮತ್ತೆ ಹೊತ್ತಿತು. ಭಾವ ಮಾದರಿ ರೈತರಾಗಿಬಿಟ್ಟರು. ನೆಲ ನೋಡಿ ನಡೆದರು, ಹೊತ್ತಿಗೆ ಸರಿಯಾಗಿ ಸೌದೆ ಹಾಕಿದರು, ಒಂದೆಲೆಯೂ ಕಪ್ಪಾಗಲಿಲ್ಲ. ಅಕ್ಕ ಇದನ್ನೇ ಅಲ್ಲವೇ ಬಯಸಿದ್ದು? "ಚೆನ್ನಾಗವ್ರೆ," ಎಂದು ಫೋನಿನಲ್ಲಿ ಹೇಳಿದಳು. ಸ್ವಲ್ಪ ತಡೆದು, "ಅದೇ ಕಷ್ಟ ಆಗದೆ," ಎಂದಳು. ಮನೆಯಲ್ಲಿ ಮಾತೇ ಇಲ್ಲವಂತೆ. ಕ್ಯಾಲೆಂಡರಿನ ಮೊಳೆಯಿಂದ ಎಲೆಯನ್ನು ಭಾವ ತೆಗೆದು ಬಿಸಾಡಿದ್ದರಂತೆ. ಅಕ್ಕ ಎತ್ತಿ ತಂದು ಮತ್ತೆ ಅಲ್ಲೇ ಸಿಕ್ಕಿಸಿದಳಂತೆ. "ಮೊಳೆ ಬೋಳು ಬೋಳು ಕಾಣ್ತದೆ ಕಣೆ, ಅದ್ಕೆ," ಎಂಬ ಸ್ಪಷ್ಟೀಕರಣವನ್ನೂ ಕೊಟ್ಟಳು.

ದಸರಾ ರಜೆ ಕಳೆದ ಮೇಲೆ ನಾನು ನಾಲ್ಕು ದಿನ ಊರಿಗೆ ಹೋದೆ. ಬೆಳಗಿನ ಜಾವ ಅಕ್ಕನ ಸರದಿ. ಭಾವ ಅಲ್ಲೇ ಗೋಣಿಚೀಲದ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಅಕ್ಕನ ಪಕ್ಕ ಕಂಬಳಿ ಹೊದ್ದು ಕುಳಿತೆ. ಒಲೆಯ ಬಾಯಲ್ಲಿ ಬೆಂಕಿ ಹದವಾಗಿ ಹಳದಿಗಿತ್ತು. ಅಕ್ಕನ ಮಣೆ ಎಂದಿನ ಹಾಗೆ ಪಕ್ಕಕ್ಕೆ ತಿರುಗಿತ್ತು, ಮುಖ ರಸ್ತೆಯ ಕಡೆಗಿತ್ತು. ಬ್ಯಾರನ್ನಿನ ಮೇಲೆ ಅಗಸ್ತ್ಯ ನಿಂತಿತ್ತು. ಅಭ್ಯಾಸಬಲದಿಂದ ನಾನು ಮುಷ್ಟಿ ಚಾಚಿ ಅಳೆದೆ. ಏನೂ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ದಿಟ್ಟಿಸಿದೆ.

"ಅಂಗೆ ನೆಟ್ಟಗೆ ನೋಡ್ಬ್ಯಾಡ," ಎಂದಳು ಅಕ್ಕ, ಮುಖ ತಿರುಗಿಸದೆ. "ಒಸಿ ಈ ಕಡೆ ನೋಡು. ರಸ್ತೆ ಕಡೆ."

ನೋಡಿದೆ. ಕಣ್ಣಿನ ಅಂಚಿನಲ್ಲಿ, ನಾನು ನೋಡದೆ ಇದ್ದ ಜಾಗದಲ್ಲಿ, ಒಂದು ಕೆಂಡ ಇತ್ತು.

ಸುತ್ತ ಸೌದೆಯ ವಾಸನೆ, ಹಸಿ ಸೊಪ್ಪಿನ ಘಾಟು, ಒಲೆಯ ಚಟಪಟ. ಮೇಲೆ ಇನ್ನೂರು ವರ್ಷ ನಡೆದು ಬಂದ ಬೆಳಕು.

"ಯಾವಾಗ ಬಂತಕ್ಕ?"

"ನಿನ್ನೆ ಮೊನ್ನೆ ಅನುಮಾನ ಇತ್ತು. ಮಂಜು ಇರ್ಬೋದು, ಸುಮ್ನೆ ಏಳಿ ಅವರ್ಗೆ ಆಸೆ ಉಟ್ಸೋದ್ ಬ್ಯಾಡ ಅಂತ ಸುಮ್ಕಿದ್ದೆ. ಇವತ್ತು ಸರ್ಯಾಗ್ ಅವ್ಳೆ."

ನಾನು ಅಕ್ಕನ ಮಣೆಯನ್ನು ನೋಡಿದೆ. ಎಷ್ಟು ದಿನದಿಂದ ಅದೇ ಕೋನಕ್ಕೆ ತಿರುಗಿಸಿಕೊಂಡು ಕೂತಿದ್ದಳು! ಮೇಷ್ಟ್ರ ದೂರದರ್ಶಕವನ್ನೂ ಅಷ್ಟು ಜೋಪಾನವಾಗಿ ಇಟ್ಟದ್ದನ್ನು ನಾನು ಕಂಡಿಲ್ಲ.

ಅಕ್ಕ ಎದ್ದು ಹೋಗಿ ಭಾವನ ಭುಜ ಅಲುಗಾಡಿಸಿದಳು.

"ರೀ. ಏಳಿ. ಸವತಿ ಬಂದವ್ಳೆ."

ಭಾವ ಎದ್ದು ಕುಳಿತರು. ನಿದ್ದೆಗಣ್ಣಿನಲ್ಲಿ ಮೊದಲು ಒಲೆಯನ್ನು ನೋಡಿ, ಒಂದು ತುಂಡು ಒಳಗೆ ತಳ್ಳಿದರು. ಆಮೇಲೆ, ಕೇಳಿದ ಮಾತು ಏನೆಂದು ಈಗ ಅರ್ಥವಾದವರಂತೆ, ಅಕ್ಕನ ಕಡೆ ತಿರುಗಿದರು.

"ದಿಟ್ವಾಗ್ಲೂನಾ?"

"ಯಾರೋ ಸೌದೆ ಆಕವ್ರೆ," ಎಂದಳು ಅಕ್ಕ.

ಪಕ್ಕದ ಬ್ಯಾರನ್ನಿನಿಂದ ಜವರಣ್ಣನ ಕೂಗು ಬಂತು: "ಓಯ್! ಎದ್ದಿದ್ದೀರೇನ್ಲಾ?"

ಅಕ್ಕ ಮಣೆಯನ್ನು ನೇರಕ್ಕೆ, ದಕ್ಷಿಣಕ್ಕೇ ತಿರುಗಿಸಿಕೊಂಡು ಕುಳಿತು ತಲೆ ಎತ್ತಿದಳು. ಭಾವ ಅವಳ ಪಕ್ಕ ನೆಲದ ಮೇಲೆ ಕುಳಿತರು. ಅವರು ಆಕಾಶವನ್ನೇ ನೋಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಒಲೆಯ ಬೆಳಕು ಒಮ್ಮೆ ಎದ್ದಾಗ ಕಂಡಿತು: ಭಾವ ಎಲ್ಲೋ ನೋಡುತ್ತಿರುವವರ ಹಾಗೆ ಕೂತು, ವಾರೆಗಣ್ಣಿನಲ್ಲಿ ಅಕ್ಕನನ್ನು ನೋಡುತ್ತಿದ್ದರು.